ಏರ್ ಕಂಪ್ರೆಸರ್: ವರ್ಕ್‌ಶಾಪಿನಲ್ಲಿ ಶಬ್ದ ನಿಯಂತ್ರಣ

ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬುವ ಯಂತ್ರದ ಸದ್ದನ್ನು, ಅದರ ಕೆಲಸಕ್ಕೂ ಆಯಸ್ಸಿಗೂ ಕುಂದು ಬಾರದ ಹಾಗೆ ತಗ್ಗಿಸುವ ವಿಧಾನಗಳನ್ನು ಒಟ್ಟಾಗಿ ಕಂಪ್ರೆಸರಿನ ಶಬ್ದ ನಿಯಂತ್ರಣ ಎನ್ನುತ್ತಾರೆ. ಸದ್ದು ಹುಟ್ಟುವ ಜಾಗ, ಅದು ಹರಿಯುವ ದಾರಿ, ಅದನ್ನು ಕೇಳುವ ಕಿವಿ, ಈ ಮೂರೂ ಕಡೆ ಕೆಲಸ ಮಾಡಬಹುದು; ಹೆಚ್ಚು ಫಲ ಕೊಡುವುದು ಮೊದಲನೆಯದು. ತಾಂತ್ರಿಕ ಪುಸ್ತಕಗಳಲ್ಲಿ ಈ ಯಂತ್ರಕ್ಕೆ ಸಂಪೀಡಕ ಎಂಬ ಹೆಸರುಂಟು. ಗ್ಯಾರೇಜು, ಪಂಕ್ಚರ್ ಅಂಗಡಿ, ಮರಗೆಲಸದ ಶೆಡ್ಡು, ಪೀಣ್ಯದ ಸಿಎನ್‌ಸಿ ಘಟಕ, ಎಲ್ಲಿ ಹೋದರೂ ಜನ ಕರೆಯುವುದು ಕಂಪ್ರೆಸರ್ ಎಂದೇ.

ಸಣ್ಣ ವರ್ಕ್‌ಶಾಪುಗಳಲ್ಲಿ ಸಾಮಾನ್ಯವಾಗಿ ಕಾಣುವುದು 2ರಿಂದ 5 ಎಚ್‌ಪಿಯ ಪಿಸ್ಟನ್ ಕಂಪ್ರೆಸರ್: ಕೆಳಗೆ ಅಡ್ಡ ಮಲಗಿದ ಉಕ್ಕಿನ ಟ್ಯಾಂಕು, ಅದರ ಬೆನ್ನ ಮೇಲೆ ಒಂದು ಬದಿಗೆ ಮೋಟಾರು, ಇನ್ನೊಂದು ಬದಿಗೆ ಸಿಲಿಂಡರುಗಳನ್ನು ಹೊತ್ತ ಪಂಪು, ನಡುವೆ ವಿ-ಬೆಲ್ಟು. ಒಂದು ಮೀಟರ್ ದೂರದಲ್ಲಿ ನಿಂತು ಅಳೆದರೆ ಇಂಥ ಯಂತ್ರದ ಸದ್ದು ಸಾಮಾನ್ಯವಾಗಿ 80ರಿಂದ 90 ಡೆಸಿಬೆಲ್. ಪಕ್ಕದಲ್ಲಿ ನಿಂತವನೊಡನೆ ಗಂಟಲೇರಿಸಿ ಮಾತಾಡಬೇಕಾದ ಮಟ್ಟ ಇದು. ಈ ಲೇಖನ ಮುಖ್ಯವಾಗಿ ಈ ಬಗೆಯ ಯಂತ್ರದ ಬಗ್ಗೆ.

ಒತ್ತಿದ ಗಾಳಿಯ ಚರಿತ್ರೆಯೇ ಸದ್ದಿನ ಚರಿತ್ರೆ. ಜರ್ಮನಿಯ ಮ್ಯಾಗ್ಡೆಬರ್ಗ್ ಪಟ್ಟಣದ ಆಟೊ ಫಾನ್ ಗೆರಿಕೆ 17ನೆಯ ಶತಮಾನದ ನಡುವಿನಲ್ಲಿ ಗಾಳಿಯ ಪಂಪನ್ನು ರೂಪಿಸಿದ. ಯಂತ್ರ ದೊಡ್ಡ ಕೆಲಸಕ್ಕೆ ಇಳಿದದ್ದು ಫ್ರಾನ್ಸ್ ಮತ್ತು ಇಟಲಿಯ ನಡುವೆ ಆಲ್ಪ್ಸ್ ಬೆಟ್ಟವನ್ನು ಕೊರೆದ ಮಾಂಟ್ ಸೆನಿ ರೈಲು ಸುರಂಗದಲ್ಲಿ. 1857ರಲ್ಲಿ ಶುರುವಾಗಿ 1871ರಲ್ಲಿ ತೆರೆದ ಆ ಸುರಂಗದಲ್ಲಿ ಜರ್ಮೇನ್ ಸೊಮೆಲ್ಯೆ ಗಾಳಿಯಿಂದ ನಡೆಯುವ ಬಂಡೆ ಕೊರೆಯುವ ಯಂತ್ರಗಳನ್ನು ಬಳಸಿದ. ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲೂ ಬಂಡೆ ಕೊರೆದದ್ದು ಒತ್ತಿದ ಗಾಳಿಯೇ. ಇಂದು ಸಣ್ಣ ಅಂಗಡಿಗೂ ಕೈಗೆಟುಕುವ ಯಂತ್ರಗಳು ಕೊಯಮತ್ತೂರು, ಪುಣೆ, ಅಹಮದಾಬಾದಿನ ಕಾರ್ಖಾನೆಗಳಿಂದ ಬರುತ್ತವೆ. ಯಂತ್ರ ಅಗ್ಗವಾಯಿತು, ಚಿಕ್ಕದಾಯಿತು. ಅಂಗಡಿಯೊಳಗೆ, ಕೆಲಸಗಾರನ ಬೆನ್ನ ಹಿಂದೆಯೇ ಬಂದು ಕುಳಿತಿತು.

ಸದ್ದು ಹುಟ್ಟುವ ಜಾಗಗಳು

ಕಂಪ್ರೆಸರ್ ಮಾಡುವುದು ಒಂದು ಸದ್ದಲ್ಲ, ನಾಲ್ಕೈದು ಸದ್ದುಗಳ ಸಂತೆ. ಅವನ್ನು ಬಿಡಿಸಿ ಕೇಳಲು ಕಲಿಯುವುದೇ ಶಬ್ದ ನಿಯಂತ್ರಣದ ಮೊದಲ ಕೆಲಸ.

ಎಲ್ಲಕ್ಕಿಂತ ದೊಡ್ಡದು ಗಾಳಿ ಎಳೆದುಕೊಳ್ಳುವ ಬಾಯಿಯ ಸದ್ದು. ಪಿಸ್ಟನ್ ಕೆಳಗಿಳಿದಾಗಲೆಲ್ಲ ತಲೆಯೊಳಗಿನ ತೆಳು ಉಕ್ಕಿನ ಎಲೆ-ವಾಲ್ವು ತೆರೆದು, ಹೊರಗಿನ ಗಾಳಿ ಒಮ್ಮೆಲೇ ಒಳನುಗ್ಗುತ್ತದೆ; ಮರುಕ್ಷಣ ವಾಲ್ವು ಮುಚ್ಚಿ ಆ ಗಾಳಿಯ ಕಂಬ ತಡೆದು ನಿಲ್ಲುತ್ತದೆ. ನಿಮಿಷಕ್ಕೆ 900 ಸುತ್ತು ತಿರುಗುವ, ಎರಡು ಸಿಲಿಂಡರೂ ಹೊರಗಿನಿಂದಲೇ ಗಾಳಿ ಎಳೆಯುವ ಪಂಪಿನಲ್ಲಿ ಇದು ಸೆಕೆಂಡಿಗೆ 30 ಸಲ ನಡೆಯುತ್ತದೆ. ಈ 30 ಹರ್ಟ್ಜ್ ಮತ್ತು ಅದರ ಎರಡು ಪಟ್ಟು, ಮೂರು ಪಟ್ಟಿನ ಕಂಪನಗಳು ಸೇರಿದ್ದೇ ಎದೆಗೆ ಬಡಿಯುವ ಆ ‘ಧಡ್ ಧಡ್’. ಎರಡು ಹಂತದ ಯಂತ್ರದಲ್ಲಿ ದೊಡ್ಡ ಸಿಲಿಂಡರ್ ಮಾತ್ರ ಹೊರಗಿನ ಗಾಳಿ ಎಳೆಯುತ್ತದೆ, ಚಿಕ್ಕದು ಅದು ಒತ್ತಿ ಕೊಟ್ಟದ್ದನ್ನು ಮತ್ತೆ ಒತ್ತುತ್ತದೆ. ಹಾಗಾಗಿ ಅಲ್ಲಿ ಬಡಿತ ಸೆಕೆಂಡಿಗೆ 15.

ಎರಡನೆಯದು ಲೋಹಕ್ಕೆ ಲೋಹ ತಾಗುವ ಸದ್ದು: ವಾಲ್ವಿನ ಎಲೆ ತನ್ನ ಪೀಠಕ್ಕೆ ಬಡಿಯುವ ಚಟಚಟ, ಬೇರಿಂಗಿನ ಗುರುಗುರು, ಸಡಿಲ ಬೆಲ್ಟಿನ ಚಪ್ಪಾಳೆ, ಬೆಲ್ಟಿಗೆ ಹಾಕಿದ ಜಾಲರಿ ಗಾರ್ಡಿನ ಗಲಗಲ. ಮೂರನೆಯದು ಮೋಟಾರಿನ ಫ್ಯಾನು, ಪಂಪಿನ ಚಕ್ರದ ರೆಕ್ಕೆಗಳು ಬೀಸುವ ಗಾಳಿಯ ಸದ್ದು. ನಾಲ್ಕನೆಯದನ್ನು ಬಹಳ ಜನ ಗುರುತಿಸುವುದಿಲ್ಲ. ಪಂಪಿನ ನಡುಕ ಟ್ಯಾಂಕಿಗೆ, ಟ್ಯಾಂಕಿನಿಂದ ಕಾಲಿಗೆ, ಕಾಲಿನಿಂದ ನೆಲಕ್ಕೆ, ಪೈಪಿನಿಂದ ಗೋಡೆಗೆ ಹರಿದು, ಕಟ್ಟಡವೇ ತಮಟೆಯಾಗುವುದು ಇಲ್ಲಿ. ಒತ್ತಡ ತುಂಬಿ ಯಂತ್ರ ನಿಂತಾಗ ಪ್ರೆಷರ್ ಸ್ವಿಚ್ಚು ‘ಪುಸ್’ ಎಂದು ಬಿಡುವ ಗಾಳಿ ಐದನೆಯದು. ಅದು ಚಿಕ್ಕದು, ಅದರ ಬಾಯಿಗೆ ಒಂದು ಸಣ್ಣ ಕಂಚಿನ ಸೈಲೆನ್ಸರ್ ತಿರುಗಿಸಿದರೆ ಮುಗಿಯಿತು.

ನಿನ್ನೆ ಇರದ ಸದ್ದು ಇಂದು ಕೇಳಿದರೆ ಅದನ್ನು ಮುಚ್ಚಬಾರದು. ಸವೆದ ಬೇರಿಂಗು, ಮುರಿಯುತ್ತಿರುವ ವಾಲ್ವಿನ ಎಲೆ, ಸಡಿಲಗೊಂಡ ಫ್ಲೈವೀಲು ಹೀಗೆಯೇ ಮಾತಾಡುತ್ತವೆ. ಮೊದಲು ರಿಪೇರಿ, ಆಮೇಲೆ ಶಬ್ದ ನಿಯಂತ್ರಣ.

ಡೆಸಿಬೆಲ್ಲಿನ ಲೆಕ್ಕ

ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಹೆಸರಿನಿಂದ ಬಂದ ಡೆಸಿಬೆಲ್ ಕೂಡುವ-ಕಳೆಯುವ ಸಾಮಾನ್ಯ ಅಳತೆಯಲ್ಲ. ಶಬ್ದದ ಶಕ್ತಿ ಹತ್ತು ಪಟ್ಟಾದರೆ ಅಂಕಿ 10 ಏರುತ್ತದೆ, ಎರಡು ಪಟ್ಟಾದರೆ 3 ಏರುತ್ತದೆ. ಒಂದೇ ಬಗೆಯ ಎರಡು ಯಂತ್ರಗಳು 85-85 ಡೆಸಿಬೆಲ್ ಸದ್ದು ಮಾಡುತ್ತಿದ್ದರೆ ಒಟ್ಟು 170 ಅಲ್ಲ, 88. ಕಿವಿಗೆ ಸದ್ದು ಅರ್ಧವಾದಂತೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು.

ಇದರಿಂದ ಕೈಗೆ ಸಿಗುವ ಪಾಠ ದೊಡ್ಡದು. ಒಂದು ಯಂತ್ರದಲ್ಲಿ ಬಾಯಿಯ ಸದ್ದು 88, ವಾಲ್ವು ಮತ್ತು ಬೆಲ್ಟಿನದು 80, ಮೋಟಾರಿನದು 74 ಎಂದುಕೊಳ್ಳೋಣ. ಒಟ್ಟು ಸುಮಾರು 89. ಮೋಟಾರನ್ನು ಪೂರ್ತಿ ಮೂಕವಾಗಿಸಿದರೂ ಒಟ್ಟು ಸದ್ದು ಕಾಲು ಡೆಸಿಬೆಲ್ಲೂ ಇಳಿಯದು. ಯಾರ ಕಿವಿಗೂ ವ್ಯತ್ಯಾಸ ಗೊತ್ತಾಗದು. ಅದೇ ಬಾಯಿಯ ಸದ್ದನ್ನು 74ಕ್ಕೆ ತಂದರೆ ಒಟ್ಟು ಸುಮಾರು 82 ಆಗುತ್ತದೆ. ಮನೆಯ ನಾಲ್ಕು ಬಾಗಿಲುಗಳಲ್ಲಿ ಹಾರುಹೊಡೆದ ಒಂದನ್ನು ಬಿಟ್ಟು ಉಳಿದ ಮೂರಕ್ಕೆ ಚಿಲಕ ಹಾಕಿದರೆ ಏನು ಉಪಯೋಗವೋ, ದೊಡ್ಡ ಸದ್ದನ್ನು ಬಿಟ್ಟು ಚಿಕ್ಕದರ ಬೆನ್ನು ಹತ್ತುವುದೂ ಅಷ್ಟೇ ಉಪಯೋಗ.

ಮೀಟರಿನ ಅಂಕಿಯನ್ನು ಓದುವಾಗ ಇನ್ನೊಂದು ಎಚ್ಚರ ಬೇಕು. ಸಾಮಾನ್ಯ ಮೀಟರು ‘ಎ’ ತೂಕದಲ್ಲಿ ಅಳೆಯುತ್ತದೆ, ಅಂದರೆ ಕಿವಿಯ ಹಾಗೆ ತಗ್ಗು ಸ್ವರಗಳನ್ನು ಕಡಿಮೆ ಲೆಕ್ಕಕ್ಕೆ ಹಿಡಿಯುತ್ತದೆ. 63 ಹರ್ಟ್ಜ್ ಸ್ವರದಲ್ಲಿ ಅದು 26 ಡೆಸಿಬೆಲ್, 30ರ ಆಸುಪಾಸಿನಲ್ಲಿ ಸುಮಾರು 40 ಡೆಸಿಬೆಲ್ ಕಡಿತ ಮಾಡಿ ತೋರಿಸುತ್ತದೆ. ಅಂಗಡಿಯವನ ಮೀಟರಿನಲ್ಲಿ ಅಂಕಿ ಸೌಮ್ಯವಾಗಿದ್ದರೂ ಪಕ್ಕದ ಮನೆಯವರು ‘ಕಿಟಕಿ ಗಾಜು ನಡುಗುತ್ತೆ’ ಎಂದು ದೂರುವುದುಂಟು. ಅವರು ಸುಳ್ಳು ಹೇಳುತ್ತಿಲ್ಲ. ಗೋಡೆ ದಾಟಿ ಅವರ ಮನೆ ಸೇರುವುದು ಆ ತಗ್ಗು ಬಡಿತವೇ.

ಉಸಿರೆಳೆಯುವ ಬಾಯಿ

ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುವ ಜಾಗ ಇದು. ಆದರೂ ನಮ್ಮಲ್ಲಿ ಹೆಚ್ಚಿನವರು ಇದನ್ನು ಬಿಟ್ಟು ಮೊದಲು ಪೆಟ್ಟಿಗೆ ಮಾಡಿಸಲು ಹೋಗುತ್ತಾರೆ. ಪಂಪಿನ ತಲೆಯ ಮೇಲೆ ತಿರುಗಿಸಿದ ಚಿಕ್ಕ ಡಬ್ಬಿಯಂಥ ಫಿಲ್ಟರು ಧೂಳು ತಡೆಯುತ್ತದೆ, ಮೇಲುಸ್ವರದ ಸುಯ್ಯನ್ನು ಸ್ವಲ್ಪ ನುಂಗುತ್ತದೆ. ಅದು ಕಳೆದುಹೋಗಿ ಬರೀ ತೂತು ಉಳಿದ ಯಂತ್ರಗಳೂ ಅಂಗಡಿಗಳಲ್ಲಿ ಕಾಣಸಿಗುತ್ತವೆ. ಅಂಥಲ್ಲಿ ಹೊಸ ಫಿಲ್ಟರ್ ಹಾಕುವುದೇ ಮೊದಲ ಚಿಕಿತ್ಸೆ.

ಬಾಯಿಯ ಪಾಲೆಷ್ಟು ಎಂದು ತಿಳಿಯಲು ಸುಲಭ ಪರೀಕ್ಷೆಯೊಂದಿದೆ. ಫಿಲ್ಟರ್ ಬಿಚ್ಚಿ ಆ ಜಾಗಕ್ಕೆ, ಒಳಗೆ ಉಕ್ಕಿನ ತಂತಿ ಸುತ್ತಿದ, ಎಳೆತಕ್ಕೆ ಚಪ್ಪಟೆಯಾಗದ ಹೋಸ್ ಪೈಪು ಜೋಡಿಸಿ, ಅದರ ತುದಿಗೆ ಫಿಲ್ಟರ್ ಸಿಕ್ಕಿಸಿ ಕಿಟಕಿಯಿಂದ ಹೊರಗೆ ಬಿಡಬೇಕು. ಯಂತ್ರ ಚಾಲೂ ಮಾಡಿದಾಗ ಒಳಗೆ ಉಳಿದ ಸದ್ದು ಎಷ್ಟೋ ಅಷ್ಟೇ ಬೇರೆ ಮೂಲಗಳ ಪಾಲು. ಪೈಪಿನ ಒಳವ್ಯಾಸ ಪಂಪಿನ ತೂತಿಗಿಂತ ಕಿರಿದಾಗಬಾರದು, ಉದ್ದ ಹೆಚ್ಚಿದಷ್ಟೂ ಪೈಪು ದಪ್ಪವಾಗಬೇಕು. ಎಳೆಯಲು ಕಷ್ಟವಾದರೆ ಯಂತ್ರ ಕಡಿಮೆ ಗಾಳಿ ತುಂಬಿ ಹೆಚ್ಚು ಹೊತ್ತು ಓಡುತ್ತದೆ.

ಪೈಪಿನ ಉದ್ದವನ್ನು ಕಣ್ಣಂದಾಜಿನಲ್ಲಿ ಕತ್ತರಿಸುವುದು ತಪ್ಪು. ಒಂದು ತುದಿಯಲ್ಲಿ ವಾಲ್ವು, ಇನ್ನೊಂದು ತುದಿಯಲ್ಲಿ ಬಯಲು ಇರುವ ಪೈಪು ಕೊಳಲಿನ ಹಾಗೆ ತನ್ನದೇ ಸ್ವರ ಹೊಂದಿರುತ್ತದೆ. ಅದರ ಉದ್ದ ಬಡಿತದ ತರಂಗದ ನಾಲ್ಕನೇ ಒಂದು ಭಾಗವಾದರೆ ಗಾಳಿಯ ಕಂಬ ತಾಳ ಹಿಡಿದು ಕುಣಿಯತೊಡಗುತ್ತದೆ. ಇದಕ್ಕೆ ಅನುನಾದ ಎನ್ನುತ್ತಾರೆ. ನಮ್ಮ ಬೇಸಿಗೆಯ ಬಿಸಿಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 350 ಮೀಟರ್. 30 ಹರ್ಟ್ಜ್ ಬಡಿತದ ತರಂಗ ಸುಮಾರು 11.7 ಮೀಟರ್ ಉದ್ದ, ಅದರ ಕಾಲುಭಾಗ 2.9 ಮೀಟರ್. ಅಂದರೆ ಮೇಲೆ ಹೇಳಿದ ಪಂಪಿಗೆ ಸರಿಸುಮಾರು ಮೂರು ಮೀಟರಿನ ಪೈಪು ಅತಿ ಕೆಟ್ಟ ಆಯ್ಕೆ: ಸದ್ದು ಹೆಚ್ಚುತ್ತದೆ, ವಾಲ್ವಿನ ಎಲೆಗೆ ಅನಗತ್ಯ ಪೆಟ್ಟು ಬೀಳುತ್ತದೆ. ಪಂಪಿನ ವೇಗ ಗೊತ್ತಿದ್ದರೆ ಈ ಲೆಕ್ಕವನ್ನು ಯಾರು ಬೇಕಾದರೂ ಮಾಡಿಕೊಳ್ಳಬಹುದು.

ಇದಕ್ಕಿಂತ ಉತ್ತಮ ಉಪಾಯವೆಂದರೆ ಬಾಯಿಗೆ ಒಂದು ಖಾಲಿ ಹೊಟ್ಟೆ ಕೊಡುವುದು. ಪಂಪಿನ ತೂತಿನ ಹತ್ತಿರವೇ ಒಂದು ಗಟ್ಟಿ ಉಕ್ಕಿನ ಡಬ್ಬಿ ಕೂರಿಸಿ, ಅದಕ್ಕೆ ಹೊರಗಾಳಿ ಬರಲು ಒಂದು ಸಣ್ಣ ಕತ್ತಿನ ಪೈಪು ಜೋಡಿಸುತ್ತಾರೆ. ಡಬ್ಬಿಯೊಳಗಿನ ಗಾಳಿ ಸ್ಪ್ರಿಂಗಿನಂತೆ, ಕತ್ತಿನೊಳಗಿನ ಗಾಳಿ ಅದರ ತುದಿಗೆ ಕಟ್ಟಿದ ತೂಕದಂತೆ ವರ್ತಿಸುತ್ತದೆ. ಪಿಸ್ಟನ್ ಎಷ್ಟೇ ಜಗ್ಗಿದರೂ ಆ ಸ್ಪ್ರಿಂಗು ಏರಿಳಿತವನ್ನು ನುಂಗಿಕೊಂಡು, ಕತ್ತಿನ ಗಾಳಿ ಬಹುತೇಕ ಒಂದೇ ಸಮನೆ ಹರಿಯುತ್ತದೆ. ಈ ತತ್ವವನ್ನು 19ನೆಯ ಶತಮಾನದಲ್ಲಿ ಗಣಿತಕ್ಕೆ ಇಳಿಸಿದವನು ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್. 20 ಲೀಟರಿನ ಡಬ್ಬಿಗೆ 25 ಮಿಲಿಮೀಟರ್ ಒಳವ್ಯಾಸದ, 30 ಸೆಂಟಿಮೀಟರ್ ಉದ್ದದ ಕತ್ತು ಇಟ್ಟರೆ ಅದರ ಸ್ವಂತ ಸ್ವರ ಸುಮಾರು 15 ಹರ್ಟ್ಜ್. ಸೆಕೆಂಡಿಗೆ 30 ಸಲ ಬಡಿಯುವ ಪಂಪಿಗೆ ಇದು ಮೂಲ ಬಡಿತವನ್ನು ಲೆಕ್ಕದ ಪ್ರಕಾರ 9 ಡೆಸಿಬೆಲ್, 60 ಹರ್ಟ್ಜಿನದನ್ನು 20ಕ್ಕೂ ಹೆಚ್ಚು ಡೆಸಿಬೆಲ್ ಇಳಿಸಬಲ್ಲದು. ಅದೇ ಡಬ್ಬಿಯನ್ನು ಸೆಕೆಂಡಿಗೆ 15 ಸಲ ಬಡಿಯುವ ಎರಡು ಹಂತದ ಯಂತ್ರಕ್ಕೆ ಹಾಕಿದರೆ ಸ್ವರಕ್ಕೆ ಸ್ವರ ಕೂಡಿ ಕೆಲಸ ಕೆಡುತ್ತದೆ. ಅದಕ್ಕೆ ಇನ್ನೂ ದೊಡ್ಡ ಹೊಟ್ಟೆ, ಇಲ್ಲವೇ ಇನ್ನೂ ಉದ್ದ ಕತ್ತು ಬೇಕು. ಡಬ್ಬಿಯ ತಗಡು ತೆಳುವಾದರೆ ಅದೇ ಡೋಲಾಗುತ್ತದೆ. ಎರಡು-ಮೂರು ಮಿಲಿಮೀಟರ್ ದಪ್ಪದ ತಗಡು ಇರಲಿ, ವೆಲ್ಡಿಂಗ್ ಮಾಡಿದ ಮೇಲೆ ಒಳಗಿನ ಕಿಟ್ಟ, ಚೂರು ಎಲ್ಲ ತೊಳೆದು ತೆಗೆದಿರಲಿ. ಒಂದು ಕಿಡಿಚೂರು ಸಿಲಿಂಡರಿಗೆ ಹೋದರೆ ಶಬ್ದ ಉಳಿಸಲು ಹೋಗಿ ಪಂಪು ಕಳೆದುಕೊಂಡ ಹಾಗೆ.

ಹೊರಗಿನಿಂದ ಗಾಳಿ ಎಳೆಯುವುದರಲ್ಲಿ ಇನ್ನೊಂದು ಲಾಭವೂ ಇದೆ. ಒಳಬರುವ ಗಾಳಿ ಪ್ರತಿ 3 ಡಿಗ್ರಿ ತಂಪಾದರೆ ವಿದ್ಯುತ್ತಿನಲ್ಲಿ ಸುಮಾರು ಶೇಕಡಾ 1 ಉಳಿಯುತ್ತದೆ. ಪೈಪಿನ ಬಾಯಿ ಜನರೇಟರ್ ಹೊಗೆಯ ಹತ್ತಿರವಾಗಲಿ, ಥಿನ್ನರ್ ಆವಿ ತುಂಬಿದ ಪೇಂಟಿಂಗ್ ಕೋಣೆಯ ಹತ್ತಿರವಾಗಲಿ ಇರಕೂಡದು.

ಕಾಲು ಮತ್ತು ನೆಲ

ನಡುಕ ತಡೆಯಲು ಹಳೆಯ ಟೈರಿನ ತುಂಡನ್ನು ಕಾಲಿನಡಿ ಇಡುವುದು ಎಲ್ಲೆಡೆಯ ರೂಢಿ. ಅದು ಕೆಲವೊಮ್ಮೆ ನಡುಕವನ್ನು ಹೆಚ್ಚಿಸುತ್ತದೆ ಎಂದರೆ ನಂಬುವವರು ಕಡಿಮೆ. ಕಾರಣ ಡಬ್ಬಿಯ ಲೆಕ್ಕದಲ್ಲಿ ಇದ್ದದ್ದೇ. ಯಂತ್ರ ತೂಕ, ರಬ್ಬರು ಸ್ಪ್ರಿಂಗು. ಎರಡೂ ಸೇರಿ ಒಂದು ಸ್ವಂತ ತಾಳ ಹೊಂದಿರುತ್ತವೆ. ಯಂತ್ರದ ಭಾರಕ್ಕೆ ರಬ್ಬರು ಎಷ್ಟು ಮಿಲಿಮೀಟರ್ ಕುಗ್ಗುತ್ತದೆ ಎಂದು ಅಳೆದು, ಅದರ ವರ್ಗಮೂಲದಿಂದ 15.8ನ್ನು ಭಾಗಿಸಿದರೆ ಆ ತಾಳ ಹರ್ಟ್ಜಿನಲ್ಲಿ ಸಿಗುತ್ತದೆ. ಟೈರಿನ ತುಂಡು ಸಾಮಾನ್ಯವಾಗಿ ಒಂದು ಮಿಲಿಮೀಟರಿನಷ್ಟು ಕುಗ್ಗೀತು. ತಾಳ ಸುಮಾರು 16. ನಿಮಿಷಕ್ಕೆ 900 ಸುತ್ತಿನ ಪಂಪು ನಡುಗುವುದು ಸೆಕೆಂಡಿಗೆ 15 ಸಲ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗಾಗುತ್ತದೆ, ಯಂತ್ರ ಕುಣಿಯುತ್ತದೆ.

ರಬ್ಬರು ಕೆಲಸ ಮಾಡುವುದು ಯಂತ್ರದ ಬಡಿತ ಅದರ ತಾಳಕ್ಕಿಂತ ಕನಿಷ್ಠ 1.4 ಪಟ್ಟು ಹೆಚ್ಚಿದ್ದಾಗ ಮಾತ್ರ. ಮೂರ್ನಾಲ್ಕು ಪಟ್ಟಿದ್ದರೆ ಚೆನ್ನ. ನಿಮಿಷಕ್ಕೆ 2880 ಸುತ್ತಿನ, ಬೆಲ್ಟಿಲ್ಲದ ನೇರ ಜೋಡಣೆಯ ಸಣ್ಣ ಯಂತ್ರ ಸೆಕೆಂಡಿಗೆ 48 ಸಲ ನಡುಗುತ್ತದೆ, ಅದಕ್ಕೆ ಅದೇ ಟೈರಿನ ತುಂಡು ಸಾಕು. 900 ಸುತ್ತಿನದಕ್ಕೆ 4 ಹರ್ಟ್ಜಿನ ಆಸರೆ ಬೇಕು, ಅಂದರೆ ಭಾರಕ್ಕೆ ಸುಮಾರು 15 ಮಿಲಿಮೀಟರ್ ಕುಗ್ಗುವ ಉಕ್ಕಿನ ಸ್ಪ್ರಿಂಗು. ಅಂಥ ಸ್ಪ್ರಿಂಗಿನ ಮೇಲೆ ಕುಳಿತ ಯಂತ್ರ ತನ್ನ ಬಲದ ಹತ್ತರಲ್ಲೊಂದು ಪಾಲನ್ನೂ ನೆಲಕ್ಕೆ ದಾಟಿಸದು. ಅದು ಅತ್ತಿತ್ತ ತೂಗಾಡದಿರಲು ಯಂತ್ರವನ್ನು ಮೊದಲು ಅದರ ಒಂದೂವರೆ-ಎರಡು ಪಟ್ಟು ತೂಕದ ಕಾಂಕ್ರೀಟ್ ಹಾಸಿಗೆ ಕಟ್ಟಿ, ಆ ಹಾಸನ್ನು ಸ್ಪ್ರಿಂಗಿನ ಮೇಲೆ ಕೂರಿಸುತ್ತಾರೆ.

ಇಷ್ಟೆಲ್ಲ ಖರ್ಚು ಎಲ್ಲರಿಗೂ ಬೇಕಿಲ್ಲ. ನೆಲಮಹಡಿಯ ಗಟ್ಟಿ ಸಿಮೆಂಟ್ ನೆಲದಲ್ಲಿ, ಪಕ್ಕದಲ್ಲಿ ಯಾರ ಮನೆಯ ಗೋಡೆಯೂ ಅಂಟಿಕೊಂಡಿರದಿದ್ದರೆ, ನಾಲ್ಕೂ ಕಾಲು ಸಮನಾಗಿ ಊರುವಂತೆ ನೋಡಿಕೊಂಡು ದಪ್ಪ ಮೃದು ರಬ್ಬರ್ ಪ್ಯಾಡ್ ಕೊಟ್ಟರೆ ವಾಲ್ವಿನ ಚಟಚಟದಂಥ ಮೇಲುಸ್ವರಗಳು ನೆಲಕ್ಕೆ ಇಳಿಯುವುದು ನಿಲ್ಲುತ್ತದೆ. ಮಹಡಿಯ ಮೇಲೆ ಅಂಗಡಿ ಇದ್ದವರಿಗೆ ಮಾತ್ರ ಸ್ಪ್ರಿಂಗಿನ ವಿನಾ ದಾರಿಯಿಲ್ಲ. ಕುಂಟುವ ಕಾಲನ್ನು ಬೋಲ್ಟು ಬಿಗಿದು ನೆಲಕ್ಕೆ ಎಳೆಯುವುದು ಅಪಾಯ. ಟ್ಯಾಂಕಿನ ಬೆಸುಗೆಯ ಬಳಿ ಬಿರುಕು ಶುರುವಾಗುವುದು ಹೀಗೆಯೇ.

ಯಂತ್ರವನ್ನು ಸ್ಪ್ರಿಂಗಿನ ಮೇಲಿಟ್ಟು, ಟ್ಯಾಂಕಿನಿಂದ ಗೋಡೆಗೆ ಗಟ್ಟಿ ಜಿಐ ಪೈಪು ಹಾಕಿದರೆ ನಡುಕಕ್ಕೆ ಹಿಂಬಾಗಿಲು ತೆರೆದಂತೆ. ಟ್ಯಾಂಕಿನ ಹೊರದಾರಿಗೆ ಒತ್ತಡ ತಡೆಯುವ ಮೆದು ಹೋಸ್ ಹಾಕಿ, ಆಮೇಲೆ ಪೈಪಿಗೆ ಜೋಡಿಸಬೇಕು. ಪಂಪಿನಿಂದ ಟ್ಯಾಂಕಿಗೆ ಇಳಿಯುವ ಕೊಳವೆ ಕೈ ಸುಡುವಷ್ಟು ಬಿಸಿ. ಅಲ್ಲಿ ರಬ್ಬರ್ ಹೋಸ್ ಎಂದಿಗೂ ಹಾಕಬಾರದು.

ಪೆಟ್ಟಿಗೆ ಮತ್ತು ಕೋಣೆ

ಬಾಯಿಯನ್ನೂ ಕಾಲನ್ನೂ ಸರಿಪಡಿಸಿದ ಮೇಲೆ ಉಳಿಯುವುದು ಮುಖ್ಯವಾಗಿ ನಡುಸ್ವರ, ಮೇಲುಸ್ವರದ ಸದ್ದು. ಪೆಟ್ಟಿಗೆ ಚೆನ್ನಾಗಿ ತಡೆಯುವುದು ಇದನ್ನೇ.

ಸದ್ದನ್ನು ತಡೆಯುವುದು ತೂಕ. ಗೋಡೆಯ ತೂಕ ಇಮ್ಮಡಿಯಾದರೆ ತಡೆ ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ. ಸದ್ದನ್ನು ಹೀರುವುದು ಬೇರೆ ಕೆಲಸ. ಅದಕ್ಕೆ ಗಾಳಿಯಾಡುವ ನಾರಿನ ವಸ್ತು ಬೇಕು. ಪೆಟ್ಟಿಗೆಗೆ ಎರಡೂ ಬೇಕು: ಹೊರಗೆ 18 ಮಿಲಿಮೀಟರ್ ಪ್ಲೈವುಡ್ ಇಲ್ಲವೇ ಇಟ್ಟಿಗೆ, ಒಳಗೆ 50 ಮಿಲಿಮೀಟರ್ ರಾಕ್ ವೂಲ್ ಅಥವಾ ಗ್ಲಾಸ್ ವೂಲ್, ಅದರ ಮೇಲೆ ಬಟ್ಟೆ ಮತ್ತು ತೂತು ಕೊರೆದ ತಗಡು. ಹೀರುವ ಪದರ ಇಲ್ಲದಿದ್ದರೆ ಸದ್ದು ಒಳಗೇ ಪುಟಿದು ಪುಟಿದು ಬೆಳೆಯುತ್ತದೆ. ಥರ್ಮೋಕೋಲ್ ಹಗುರ, ಹಾಗಾಗಿ ತಡೆಯದು. ಅದರ ಗುಳ್ಳೆಗಳು ಮುಚ್ಚಿಕೊಂಡಿವೆ, ಹಾಗಾಗಿ ಹೀರದು. ಮೊಟ್ಟೆಯ ಟ್ರೇಗಳನ್ನು ಅಂಟಿಸುವ ಉಪಾಯವೂ ವ್ಯರ್ಥ. ಹಾಸಿಗೆಯ ಸ್ಪಂಜು ಹೀರುತ್ತದೆ ನಿಜ, ಆದರೆ ಎಣ್ಣೆಯ ಆವಿ ಕುಡಿದ ಸ್ಪಂಜಿಗೆ ಒಂದು ಕಿಡಿ ತಾಗಿದರೆ ಕ್ಷಣದಲ್ಲಿ ವಿಷದ ಹೊಗೆಯೊಡನೆ ಉರಿಯುತ್ತದೆ. ಅದನ್ನು ಬಳಸಲೇಬಾರದು.

30 ಹರ್ಟ್ಜಿನ ತರಂಗ ಹನ್ನೆರಡು ಮೀಟರಿನ ಹತ್ತಿರ ಉದ್ದ. 50 ಮಿಲಿಮೀಟರ್ ರಾಕ್ ವೂಲಿನ ಉಣ್ಣೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಬಾಯಿಯ ಸದ್ದನ್ನು ಮೊದಲು ಹಿಡಿಯಬೇಕು ಎನ್ನುವುದು ಇದಕ್ಕೇ.

ಸಂದು ಪೆಟ್ಟಿಗೆಯ ಶತ್ರು. ಗೋಡೆ ಎಷ್ಟೇ ಭಾರವಿರಲಿ, ಒಟ್ಟು ಮೈಯಲ್ಲಿ ನೂರರಲ್ಲೊಂದು ಪಾಲು ತೆರೆದಿದ್ದರೆ 20 ಡೆಸಿಬೆಲ್‌ಗಿಂತ ಹೆಚ್ಚು ತಡೆ ಸಿಗದು, ಹತ್ತರಲ್ಲೊಂದು ಪಾಲು ತೆರೆದಿದ್ದರೆ 10ಕ್ಕಿಂತ ಹೆಚ್ಚು ಸಿಗದು. ಆದರೆ ಸಂದೇ ಇಲ್ಲದೆ ಮುಚ್ಚಿದರೆ ಯಂತ್ರ ಬೆಂದುಹೋಗುತ್ತದೆ. ಕಂಪ್ರೆಸರ್ ಎಳೆದುಕೊಳ್ಳುವ ವಿದ್ಯುತ್ತೆಲ್ಲ ಹೆಚ್ಚುಕಡಿಮೆ ಶಾಖವಾಗಿಯೇ ಹೊರಬೀಳುತ್ತದೆ. 3 ಎಚ್‌ಪಿ ಎಂದರೆ 2.2 ಕಿಲೋವಾಟ್, ಎರಡು ಇಸ್ತ್ರಿ ಪೆಟ್ಟಿಗೆ ಒಳಗೆ ಸದಾ ಉರಿದಂತೆ. ಒಳಗಿನ ಬಿಸಿ ಹೊರಗಿನದಕ್ಕಿಂತ 10 ಡಿಗ್ರಿ ಮಾತ್ರ ಹೆಚ್ಚಿರಬೇಕಾದರೆ ಗಂಟೆಗೆ ಸುಮಾರು 650 ಘನಮೀಟರ್ ಗಾಳಿ ಪೆಟ್ಟಿಗೆಯ ಮೂಲಕ ಹರಿಯಬೇಕು. 5 ಡಿಗ್ರಿಗೆ ಅದರ ಇಮ್ಮಡಿ. ಬಳ್ಳಾರಿ, ರಾಯಚೂರಿನ ಮೇ ತಿಂಗಳಲ್ಲಿ ಈ ಐದು ಡಿಗ್ರಿಯೂ ಮುಖ್ಯವೇ. ಬಿಸಿಯಾದ ಸಿಲಿಂಡರಿನಲ್ಲಿ ಎಣ್ಣೆ ಸುಟ್ಟು ವಾಲ್ವಿನ ಮೇಲೆ ಮಸಿ ಕಟ್ಟುತ್ತದೆ, ಮೋಟಾರಿನ ಸುರುಳಿ ಸುಡುತ್ತದೆ.

ಗಾಳಿಗೆ ದಾರಿ, ಸದ್ದಿಗೆ ತಡೆ, ಇವೆರಡನ್ನೂ ಕೂಡಿಸುವುದು ತಿರುವಿನ ಸುರಂಗ. ಗಾಳಿ ಒಳಬರಲು ಒಂದು, ಹೊರಹೋಗಲು ಒಂದು ಮರದ ಕೊಳವೆ ಮಾಡಿ, ಒಳಗೆಲ್ಲ ಉಣ್ಣೆ ಹೊದಿಸಿ, ಎರಡು ಕಡೆ ಮೂಲೆ ತಿರುಗಿಸುತ್ತಾರೆ. ಗಾಳಿ ಬಳಸಿಕೊಂಡು ಹೋಗುತ್ತದೆ, ಸದ್ದು ಪ್ರತಿ ಮೂಲೆಯಲ್ಲೂ ಉಣ್ಣೆಗೆ ಬಡಿದು ಸೊರಗುತ್ತದೆ. 650 ಘನಮೀಟರಿಗೆ ಉಣ್ಣೆ ಬಿಟ್ಟು ಉಳಿಯುವ ಬಾಯಿ 25 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರ ಇರಬೇಕು. ಕಿರಿದಾದರೆ ಗಾಳಿಯೇ ಸಿಳ್ಳೆ ಹೊಡೆಯುತ್ತದೆ. ತಂಪುಗಾಳಿ ಕೆಳಗಿನಿಂದ ಬಂದು ಪಂಪಿನ ಚಕ್ರ ಬೀಸುವ ದಿಕ್ಕಿನಲ್ಲೇ ಸಾಗಿ ಎದುರು ಬದಿಯ ಮೇಲಿನಿಂದ ಹೊರಬೀಳಬೇಕು. ಹೊರದಾರಿಯಲ್ಲಿ ಎಕ್ಸಾಸ್ಟ್ ಫ್ಯಾನು ಬೇಕೇ ಬೇಕು. ಬಿಸಿ ಮಿತಿ ಮೀರಿದರೆ ಮೋಟಾರನ್ನು ನಿಲ್ಲಿಸುವ ಥರ್ಮೋಸ್ಟ್ಯಾಟ್ ಇಟ್ಟರೆ ನಿಶ್ಚಿಂತೆ. ಒತ್ತಡದ ಮೀಟರು ಹೊರಗಿನಿಂದ ಕಾಣಬೇಕು; ಸೇಫ್ಟಿ ವಾಲ್ವಿಗೂ, ಟ್ಯಾಂಕಿನ ತಳದ ನೀರು ಬಿಡುವ ನಲ್ಲಿಗೂ ಕೈ ಎಟುಕಬೇಕು. ಸದ್ದು ನಿಲ್ಲಿಸುವ ಭರದಲ್ಲಿ ನೀರು ಬಿಡುವುದನ್ನು ಮರೆತರೆ ಟ್ಯಾಂಕು ಒಳಗಿನಿಂದ ತುಕ್ಕು ತಿಂದು ಒಂದು ದಿನ ಸಿಡಿಯುತ್ತದೆ. ಪೈಪು, ಡಬ್ಬಿ ಏನೇ ಜೋಡಿಸುವುದಿದ್ದರೂ ಟ್ಯಾಂಕಿನ ಮೈಗೆ ವೆಲ್ಡಿಂಗ್ ಮಾಡಕೂಡದು.

ಪೆಟ್ಟಿಗೆಗಿಂತ ಸರಳವಾದದ್ದು ಯಂತ್ರವನ್ನು ಹೊರಗಿಡುವುದು. ಹಿತ್ತಿಲ ಗೋಡೆಗೆ ಮಳೆ ತಾಗದಂತೆ ಚಿಕ್ಕ ಶೆಡ್ಡು ಇಳಿಸಿ ಅದರಲ್ಲಿಟ್ಟರೆ ನಡುವಿನ ಇಟ್ಟಿಗೆ ಗೋಡೆಯೇ ದೊಡ್ಡ ತಡೆ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಆದರೆ ನಮ್ಮ ಕಿವಿಯ ಸದ್ದನ್ನು ನೆರೆಯವರ ಮಲಗುವ ಕೋಣೆಗೆ ವರ್ಗಾಯಿಸುವುದು ಪರಿಹಾರವಲ್ಲ. ಶೆಡ್ಡಿನ ತೆರೆದ ಬದಿ ಅವರ ಕಿಟಕಿಗೆ ಮುಖ ಮಾಡಿರಬಾರದು.

ಯಂತ್ರ ಒಳಗೇ ಇರಬೇಕಾದಲ್ಲಿ ಶೆಡ್ಡಿನ ಮಾರ್ದನಿಯನ್ನಾದರೂ ತಗ್ಗಿಸಬಹುದು. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಭವನದಲ್ಲಿ ಮಾತು ಕಲಸಿಹೋಗುತ್ತಿದ್ದ ಸಮಸ್ಯೆ ಬಿಡಿಸಲು ಹೊರಟ ವ್ಯಾಲೆಸ್ ಸೇಬಿನ್, ಸದ್ದು ಅಡಗಲು ಹಿಡಿಯುವ ಸಮಯ ಕೋಣೆಯ ಗಾತ್ರಕ್ಕೆ ನೇರವಾಗಿ, ಹೀರುವ ಮೈಗೆ ವಿಲೋಮವಾಗಿ ಇರುತ್ತದೆ ಎಂದು ಕಂಡುಕೊಂಡ. 10 ಮೀಟರ್ ಉದ್ದ, 6 ಮೀಟರ್ ಅಗಲ, 4 ಮೀಟರ್ ಎತ್ತರದ ತಗಡು ಚಾವಣಿಯ ಬರಿಯ ಶೆಡ್ಡಿನಲ್ಲಿ ಸದ್ದು ಅಡಗಲು ಎರಡೂವರೆ ಸೆಕೆಂಡು ಹಿಡಿಯಬಹುದು. ಚಾವಣಿಯಡಿ 40 ಚದರ ಮೀಟರ್ ಉಣ್ಣೆಯ ಹಲಗೆ ತೂಗಿಬಿಟ್ಟರೆ ಅದು ಒಂದು ಸೆಕೆಂಡಿನೊಳಗೆ ಬರುತ್ತದೆ, ಯಂತ್ರದಿಂದ ದೂರ ನಿಂತವರಿಗೆ ಸುಮಾರು 5 ಡೆಸಿಬೆಲ್ ಕಡಿಮೆಯಾಗುತ್ತದೆ. ಯಂತ್ರದ ಪಕ್ಕದಲ್ಲಿ ನಿಂತವನಿಗೆ ಇದರಿಂದ ಏನೂ ಲಾಭವಿಲ್ಲ.

ಸೋರುವ ಗಾಳಿ

ಕಂಪ್ರೆಸರ್ ಓಡದೇ ಇದ್ದಾಗಿನಷ್ಟು ಮೌನ ಬೇರೆ ಯಾವ ಉಪಾಯದಿಂದಲೂ ಬರದು. 7 ಬಾರ್ ಒತ್ತಡದ ಪೈಪಿನಲ್ಲಿ ಒಟ್ಟು 3 ಮಿಲಿಮೀಟರ್ ತೂತಿನಷ್ಟು ಸೋರಿಕೆ ಇದ್ದರೆ, 3 ಎಚ್‌ಪಿ ಯಂತ್ರ ಬಿಡುವಿಲ್ಲದೆ ದುಡಿದರೂ ಅದನ್ನು ತುಂಬಿಕೊಡಲಾರದು. ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕು ತುಂಬಿಸಿ, ಎಲ್ಲರೂ ಸುಮ್ಮನಿದ್ದು ಕಿವಿಗೊಟ್ಟು, ಸಂಶಯ ಬಂದ ಜೋಡಣೆಗೆಲ್ಲ ಸೋಪಿನ ನೀರು ಸವರಿದರೆ ಸೋರುವ ಜಾಗ ಗುಳ್ಳೆಯೆದ್ದು ತೋರುತ್ತದೆ. ಯಂತ್ರ ಓಡುವ ಹೊತ್ತು ಅರ್ಧವಾದರೆ ದಿನದ ಸರಾಸರಿ ಸದ್ದಿನಲ್ಲಿ 3 ಡೆಸಿಬೆಲ್ ಉಳಿಯಿತು, ಕರೆಂಟ್ ಬಿಲ್ಲೂ ಉಳಿಯಿತು. ಧೂಳು ಊದುವ ಏರ್ ಗನ್ನಿನ ಸದ್ದು ಎಷ್ಟೋ ಸಲ ಕಂಪ್ರೆಸರಿನದಕ್ಕಿಂತ ಜೋರು, ಅದೂ ಕಿವಿಗೆ ಒಂದು ಮೊಳ ದೂರದಲ್ಲಿ. ಒತ್ತಡ ಇಳಿಸಿ, ಒಂದು ದೊಡ್ಡ ತೂತಿನ ಬದಲು ಹಲವು ಸಣ್ಣ ತೂತುಗಳ ನಾಜಲ್ ಹಾಕಿದರೆ ಅದು ಬಹಳ ತಗ್ಗುತ್ತದೆ.

ಹೊಸದಾಗಿ ಕೊಳ್ಳುವಾಗ ವೇಗ ನೋಡಬೇಕು. ಅಷ್ಟೇ ಗಾಳಿ ಕೊಡುವ ಎರಡು ಪಿಸ್ಟನ್ ಯಂತ್ರಗಳಲ್ಲಿ ನಿಧಾನ ತಿರುಗುವ ದೊಡ್ಡ ಪಂಪಿನದು ಕಿವಿಗೆ ಹಿತ, ಬಾಳಿಕೆಯೂ ಹೆಚ್ಚು. ಸ್ವೀಡನ್ನಿನ ಆಲ್ಫ್ ಲಿಸ್‌ಹೋಮ್ 1930ರ ದಶಕದಲ್ಲಿ ಬಳಕೆಯ ಮಟ್ಟಕ್ಕೆ ತಂದ ಸ್ಕ್ರೂ ಕಂಪ್ರೆಸರಿನಲ್ಲಿ ಗಾಳಿ ಹಿಂದೆಮುಂದೆ ಬಡಿಯದೆ ಒಂದೇ ಸಮನೆ ಹರಿಯುತ್ತದೆ. ಕಾರ್ಖಾನೆಯಿಂದಲೇ ಪೆಟ್ಟಿಗೆಯೊಳಗೆ ಬರುವ ಇವುಗಳ ಸದ್ದು ಸಾಮಾನ್ಯವಾಗಿ 65ರಿಂದ 75 ಡೆಸಿಬೆಲ್. ಬೆಲೆ ಹೆಚ್ಚು. ದಿನವಿಡೀ ಗಾಳಿ ಬೇಕಾದ ಘಟಕಕ್ಕೆ ಅದು ದುಬಾರಿಯಲ್ಲ, ದಿನಕ್ಕೆ ಅರ್ಧ ಗಂಟೆ ಟೈರಿಗೆ ಗಾಳಿ ಹಾಕುವವನಿಗೆ ದುಬಾರಿ.

ಕಾನೂನು ಮತ್ತು ಕಿವಿ

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ಕೈಗಾರಿಕಾ ಪ್ರದೇಶದಲ್ಲಿ 75 ಮತ್ತು 70. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಹಗಲು. ಡೀಸೆಲ್ ಜನರೇಟರುಗಳಿಗೆ ಶಬ್ದ ತಡೆಯುವ ಕವಚ ಕಡ್ಡಾಯವಾಗಿ, ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಎಂಬ ಮಿತಿ ಬಂದ ಮೇಲೆ ನಮ್ಮ ನಗರಗಳ ಬೀದಿಗಳಲ್ಲಿ ಆದ ಬದಲಾವಣೆ ಎಲ್ಲರಿಗೂ ಗೊತ್ತು. ಅದೇ ತಗಡು, ಉಣ್ಣೆ, ತಿರುವಿನ ಗಾಳಿದಾರಿಯ ಕುಶಲತೆ ಕಂಪ್ರೆಸರಿಗೂ ಒಗ್ಗುತ್ತದೆ. ಜನರೇಟರ್ ಕವಚ ಮಾಡುವ ಶೀಟ್ ಮೆಟಲ್ ಅಂಗಡಿಯಲ್ಲೇ ಮಾಡಿಸಬಹುದು.

1948ರ ಕಾರ್ಖಾನೆ ಕಾಯ್ದೆಯಡಿಯ ನಿಯಮಗಳು ಕೆಲಸಗಾರನಿಗೆ ದಿನಕ್ಕೆ 8 ಗಂಟೆ 90 ಡೆಸಿಬೆಲ್ ಎಂಬ ಮಿತಿ ಇಟ್ಟಿದ್ದವು. ಇದು ಉದಾರ ಮಿತಿ ಎಂಬುದು ಸ್ಪಷ್ಟ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ 8 ಗಂಟೆಗೆ 85 ಡೆಸಿಬೆಲ್ ಸಾಕು ಎನ್ನುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಒಳಗಿವಿಯ ಶಂಖದಲ್ಲಿರುವ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸದ್ದಿನಿಂದ ಮೊದಲು ಸಾಯುವುದು 4000 ಹರ್ಟ್ಜ್ ಆಸುಪಾಸಿನ ಸ್ವರ ಹಿಡಿಯುವ ಕೋಶಗಳು. ಆ ಎತ್ತರದ ಸ್ವರಗಳು ಮಂಕಾದವನಿಗೆ ಮಾತು ಕೇಳಿಸುತ್ತದೆ, ಅಕ್ಷರ ಬಿಡಿಬಿಡಿಯಾಗಿ ಕೇಳಿಸುವುದಿಲ್ಲ. ಮೆಷಿನ್ನಿನ ಮುಂದೆ ನಿಂತವನಿಗೆ ‘ಸಾಕು’ ಮತ್ತು ‘ಹಾಕು’ ಒಂದೇ ಆಗಿ ಕೇಳಿಸಿದರೆ ಬೆರಳು ಹೋಗಬಹುದು. ಹೀಗೆ ಬರುವ ಕಿವುಡು ಕಾನೂನಿನ ಪ್ರಕಾರ ವರದಿ ಮಾಡಲೇಬೇಕಾದ ಔದ್ಯೋಗಿಕ ರೋಗಗಳಲ್ಲಿ ಒಂದು.

ಕಿವಿಗೆ ಸಿಕ್ಕಿಸುವ ಪ್ಲಗ್ಗು, ಇಯರ್ ಮಫ್ ಕೊನೆಯ ಕಾವಲು. ಯಂತ್ರದ ಸದ್ದು ತಗ್ಗಿಸುವ ಕೆಲಸ ಮುಗಿಯುವವರೆಗೆ ಅವೂ ಇರಲಿ. ಕಂಪ್ರೆಸರ್ ಪಕ್ಕದಲ್ಲಿ ವರ್ಷಗಟ್ಟಲೆ ದುಡಿದವರು, ಅವರಲ್ಲೂ ಹದಿಹರೆಯದಲ್ಲೇ ಗ್ಯಾರೇಜು ಸೇರಿದವರು, ಒಮ್ಮೆ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಪರೀಕ್ಷೆಯನ್ನು ಸಾರ್ವಜನಿಕರಿಗೆ ಮಾಡುತ್ತದೆ. ಮಾಲೀಕರು ತಮ್ಮ ಹುಡುಗರನ್ನು ಕರೆದುಕೊಂಡು ಹೋಗಲಿ, ತಮ್ಮ ಕಿವಿಯನ್ನೂ ತೋರಿಸಿಕೊಂಡು ಬರಲಿ.